ನಮ್ಮ ಕೀಪರನ ವೀಸಾ, ನನ್ನ ಹರಕೆ

ಕಾಪು ಪೇಟೆಯಲ್ಲಿ ನನ್ನದೊಂದು ಜಿನಸಿನ ಅಂಗಡಿ ಉಂಟು. ಅಕ್ಕಿ, ಬೆಲ್ಲ, ತೆಂಗಿನೆಣ್ಣೆ ಮಾರುವವನಿಗೆ ಈ ಫುಟ್ಬಾಲಿನ ಉಸಾಬರಿ ಯಾಕೆ ಎಂದು ಹೆಂಡತಿ ಮದುವೆಯಾದ ಲಾಗಾಯ್ತು ಕೇಳುತ್ತಿದ್ದಾಳೆ. ನನಗೂ ಗೊತ್ತಿಲ್ಲ. ಊರಿಡೀ ಕ್ರಿಕೆಟ್ಟು, ಕಬಡ್ಡಿ ಎಂದು ಓಡುವಾಗ ನಾನೊಬ್ಬ ನಮ್ಮೂರಿನ ಫುಟ್ಬಾಲ್ ಹುಡುಗರ ಬೆನ್ನಿಗೆ ಬಿದ್ದವನು. ಮಳೆಗಾಲದ ಸಂಜೆ ಅವರು ಕಡಲ ಬದಿಯ ಹಸಿ ಹೊಯ್ಗೆಯಲ್ಲಿ ಪ್ರಾಕ್ಟೀಸ್ ಮಾಡುವಾಗ ಕೊಡೆ ಹಿಡಿದು ನಿಂತುಕೊಳ್ಳುತ್ತೇನೆ. ಆಟ ಕಲಿಸಲು ನನಗೆ ಬರುವುದಿಲ್ಲ. ಕೂಗಲು ಮಾತ್ರ ಬರುತ್ತದೆ.

ಮಳೆ ಸ್ವಲ್ಪ ತೆರಪು ಕೊಟ್ಟ ಮೇಲೆ ಮಣಿಪಾಲದ ಮೈದಾನದಲ್ಲಿ ನಮ್ಮ ಪಂದ್ಯಾಟ ಶುರು. ಅದಕ್ಕೆ ಮುಂಚಿನ ಎರಡು ತಿಂಗಳು ನನಗೆ ಊಟ ರುಚಿಸುವುದಿಲ್ಲ. ಯಾರ ಕಾಲಿಗೆ ನೋವು, ಯಾರಿಗೆ ಕೆಲಸದಲ್ಲಿ ರಜೆ ಇಲ್ಲ, ಯಾರು ಗಲ್ಫಿಗೆ ಹಾರುತ್ತಾರೆ ಎಂಬ ಚಿಂತೆ. ಈ ಕೊನೆಯದ್ದೇ ದೊಡ್ಡ ಚಿಂತೆ. ನಮ್ಮ ತಂಡ ಯಾವ ವರ್ಷವೂ ಗೆಲ್ಲದ್ದಕ್ಕೆ ಕಾರಣ ಅದೇ. ಒಬ್ಬ ಹುಡುಗ ಆಡಿ ಆಡಿ ಒಂದು ಹದಕ್ಕೆ ಬರುತ್ತಾನೆ ಎನ್ನುವಾಗ ಅವನಿಗೆ ವೀಸಾ ಬರುತ್ತದೆ. ಕಾರ್ಕಳದವರು ನಮ್ಮನ್ನು ಕರೆಯುವುದೇ "ವೀಸಾ ಬಾರದವರ ಟೀಮ್" ಎಂದು. ಕಳೆದ ವರ್ಷ ಅವರ ಎದುರು ಸೋತು ಬರುವಾಗ ಗೇಟಿನ ಹತ್ತಿರ ಒಬ್ಬ ನನ್ನನ್ನೇ ನಿಲ್ಲಿಸಿ, "ಮಾಮಾ, ಮುಂದಿನ ಸಲ ಮಸ್ಕತ್ತಿನಲ್ಲಿ ಇರುವವರನ್ನು ಕರೆಸಿ ಮಾರಾಯ್ರೆ, ಆಗ ಆಟ ನೋಡುವ" ಎಂದಿದ್ದ. ಮಸಾಲೆ ಹಾಕಿ ಹುರಿದ ಹಾಗೆ ಆಗಿತ್ತು ನನಗೆ.

ಈ ವರ್ಷ ಮಾತ್ರ ನನಗೆ ಆಸೆ ಹುಟ್ಟಿತ್ತು. ಕಾರಣ ನಮ್ಮ ಕೀಪರ್. ಮಲ್ಪೆಯ ಒಂದು ಐಸ್ ಪ್ಲಾಂಟಿನಲ್ಲಿ ಕೆಲಸ ಮಾಡುತ್ತಿದ್ದ ಹುಡುಗ. ಜಾರುವ ಮಂಜುಗಡ್ಡೆ ಹಿಡಿದು ಹಿಡಿದು ಅವನ ಕೈಗೆ ಎಂತಹ ಹಿಡಿತ ಬಂದಿತ್ತೆಂದರೆ, ಮಳೆಯಲ್ಲಿ ನೆನೆದ ಚೆಂಡು ಅವನ ಅಂಗೈಗೆ ಬಂದರೆ ಅಲ್ಲೇ ಕೂರುತ್ತಿತ್ತು. ಬೋಟುಗಳನ್ನು ಕಟ್ಟಿ ಹಾಕಿದ ಮಳೆಗಾಲದ ತಿಂಗಳುಗಳಲ್ಲಿ ಅವನಿಗೆ ಕೆಲಸ ಕಡಿಮೆ, ಪ್ರಾಕ್ಟೀಸಿಗೆ ದಿನವೂ ಹಾಜರು. ಅವನು ಗೋಲಿನ ಮುಂದೆ ನಿಂತರೆ ಉಳಿದವರ ಆಟವೂ ಬೇರೆ. ನಾನು ಹೆಂಡತಿಯ ಹತ್ತಿರ, "ಈ ಸಲ ಕಪ್ ಕಾಪುವಿಗೆ" ಎಂದು ಬರೆದು ಕೊಡುವಷ್ಟು ಧೈರ್ಯದಲ್ಲಿ ಹೇಳಿದ್ದೆ.

"ಹೋದ ವರ್ಷವೂ ಅದೇ ಹೇಳಿದ್ದು ನೀವು" ಎಂದಳು ಅವಳು.

ಅಷ್ಟರಲ್ಲಿ ಹುಡುಗನ ಸೋದರಮಾವ ಮಸ್ಕತ್ತಿನಿಂದ ಫೋನ್ ಮಾಡಿದ. ಅವನಿರುವ ಕಂಪನಿಯ ಕೋಲ್ಡ್ ಸ್ಟೋರೇಜಿನಲ್ಲಿ ಒಂದು ಜಾಗ ಖಾಲಿ ಉಂಟು, ಅಳಿಯನ ಪಾಸ್‌ಪೋರ್ಟ್ ಕಳಿಸಿ ಎಂದು.

ಹುಡುಗನ ಮನೆಯ ಕಥೆ ಹೇಳದಿದ್ದರೆ ನಿಮಗೆ ಇದರ ತೂಕ ಗೊತ್ತಾಗಲಿಕ್ಕಿಲ್ಲ. ಅವನ ತಂದೆ ಮನೆ ಕಟ್ಟಲು ತೊಡಗಿ, ಕೆಂಪು ಕಲ್ಲಿನ ಗೋಡೆ ಎದ್ದು ನಿಲ್ಲುವಾಗ ತೀರಿಕೊಂಡರು. ಅಂದಿನಿಂದ ಆ ಗೋಡೆಗಳ ಮೇಲೆ ನೀಲಿ ಟರ್ಪಾಲು. ಗಾಳಿ ಮಳೆ ಬಂದರೆ ತಾಯಿ ಮಗ ಇಬ್ಬರೂ ಎದ್ದು ಹಗ್ಗ ಬಿಗಿಯಬೇಕು. ತಾಯಿ ನನ್ನ ಅಂಗಡಿಗೆ ಬರುವವರು, ನಾನು ಅಕ್ಕ ಎನ್ನುತ್ತೇನೆ, ಅವರು ಅಣ್ಣ ಎನ್ನುತ್ತಾರೆ. ಮನೆಯಲ್ಲೂ ಪೇಟೆಯಲ್ಲೂ ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೆ.

ಒಂದು ಬೆಳಿಗ್ಗೆ ಅವರು ಬಂದು ಸಾಮಾನು ಕೇಳುವ ಮೊದಲೇ, "ಅಣ್ಣ, ನೀವು ಉಡುಪಿಗೆ ಹೋಗುವುದು ಯಾವಾಗ?" ಎಂದು ಕೇಳಿದರು.

"ನಾಳೆ ಹೋಗುವುದುಂಟು. ಎಂತ ತರಬೇಕಿತ್ತು?"

"ತರಲಿಕ್ಕೆ ಏನಿಲ್ಲ. ಕಡಿಯಾಳಿಯಲ್ಲಿ ಇಳಿದು ದೇವಸ್ಥಾನದ ಅಮ್ಮನಿಗೆ ಮಗನ ಹೆಸರಲ್ಲಿ ಒಂದು ಅರ್ಚನೆ ಮಾಡಿಸ್ತೀರಾ? ಮುಂದಿನ ವಾರ ಅವನಿಗೆ ಮಂಗಳೂರಿನಲ್ಲಿ ಮೆಡಿಕಲ್ ಉಂಟು. ಅದೊಂದು ಪಾಸಾದರೆ ವೀಸಾ ಬಂದ ಹಾಗೆಯೇ. ನನಗೆ ಈ ಸೊಂಟ ಹಿಡಿದು ಬಸ್ಸಿನಲ್ಲಿ ಹೋಗಲಿಕ್ಕೆ ಆಗುವುದಿಲ್ಲ."

ಮಗನ ನಕ್ಷತ್ರ ಹೇಳಿ, ನಾನು ಮರೆಯಬಾರದೆಂದು ನನ್ನ ಬಾಯಲ್ಲಿ ಹೇಳಿಸಿ, ಮನೆಯ ಹಿಂದಿನ ಗಿಡದ ದಾಸವಾಳವನ್ನು ಬಾಳೆಲೆಯಲ್ಲಿ ಕಟ್ಟಿ ಕೊಟ್ಟು ಹೋದರು.

ಮರುದಿನ ಹೋದೆ. ದೇವಸ್ಥಾನದಲ್ಲಿ ಜನ ಇರಲಿಲ್ಲ. ಅರ್ಚಕರು ದಾಸವಾಳ ತೆಗೆದುಕೊಂಡು ಹೆಸರು, ನಕ್ಷತ್ರ ಕೇಳಿದರು. ಹೇಳಿದೆ. "ಪ್ರಾರ್ಥನೆ ಎಂತ?" ಎಂದರು.

ವೀಸಾ ಎಂದು ಹೇಳಬೇಕಿತ್ತು. ಎರಡಕ್ಷರದ ಮಾತು. "ಕ್ಷೇಮವಾಗಿರಲಿ ಅಂತ" ಎಂದೆ.

ಅವರು ಒಳಗೆ ಮಂತ್ರ ಹೇಳುತ್ತಿದ್ದರು. ನಾನು ಕೈಮುಗಿದು ನಿಂತವನು, ಆ ತಾಯಿ ಕೊಟ್ಟ ಹೂವು ದೇವಿಯ ಮುಡಿಗೆ ಏರುತ್ತಿರುವಾಗ, ಮನಸ್ಸಿನಲ್ಲಿ ಹೇಳಿಕೊಂಡದ್ದು ಇದು: ಅಮ್ಮಾ, ಹುಡುಗ ಗಲ್ಫಿಗೆ ಹೋಗುವುದಾದರೆ ಹೋಗಲಿ, ಆದರೆ ಈ ಪಂದ್ಯಾಟ ಮುಗಿಯುವವರೆಗೆ ಅವನನ್ನು ಇಲ್ಲೇ ಉಳಿಸು. ಉಳಿಸಿದರೆ ನಿನಗೆ ಹೂವಿನ ಪೂಜೆ ಮಾಡಿಸುತ್ತೇನೆ.

ಹೇಳಿ ಮುಗಿದ ಮೇಲೆ ಗೊತ್ತಾಯಿತು ನಾನು ಹರಕೆ ಹೊತ್ತೆ ಎಂದು. ಸುಮ್ಮನೆ ಆಸೆಪಟ್ಟರೆ ಒಂದು ಮಾತು. ಹರಕೆ ಹಾಗಲ್ಲ, ನಮ್ಮ ಕಡೆ ಅದು ಹಿಂದೆ ತೆಗೆದುಕೊಳ್ಳುವ ಮಾತಲ್ಲ. ತೀರ್ಥ ತೆಗೆದುಕೊಂಡೆ. ಆದರೂ ಹೊರಗೆ ಬಂದು ಗೋಳಿಬಜೆ ತಿಂದು, ಚಾ ಕುಡಿದು, ಸಾಮಾನು ಕೊಂಡು ಬಸ್ಸು ಹತ್ತಿದೆ. ಅಂದರೆ ನೋಡಿ, ಆಗ ನನಗೆ ನಾಚಿಕೆ ಪೂರ್ತಿ ಆಗಿರಲಿಲ್ಲ. ಅಕ್ಕನಿಗೆ ಪ್ರಸಾದ ಕೊಟ್ಟಾಗ ಅವರು ಕಣ್ಣಿಗೆ ಒತ್ತಿಕೊಂಡರು. ಆಗ ಸ್ವಲ್ಪ ಆಯಿತು.

ಮೆಡಿಕಲ್ ಆದ ಮೂರ್ನಾಲ್ಕು ದಿನಕ್ಕೆ ಸಂಜೆ ಕಡಲ ಬದಿಗೆ ಹೋದರೆ ಹುಡುಗರೆಲ್ಲ ಗುಂಪು ಕೂಡಿದ್ದರು. ನಡುವೆ ಕೀಪರ್ ಗ್ಲೌಸ್ ಹಾಕುತ್ತಿದ್ದ.

"ಅನ್‌ಫಿಟ್ ಅಂತೆ ಮಾಮಾ" ಎಂದ ನಮ್ಮ ಕ್ಯಾಪ್ಟನ್. "ಎದೆಯ ಎಕ್ಸ್‌ರೇಯಲ್ಲಿ ಎಂತದೋ ಕಲೆ ಕಾಣ್ತದಂತೆ. ಇವನು ಎಲ್ಲಿಗೂ ಹೋಗುವುದಿಲ್ಲ."

ಆ ಕ್ಷಣದಲ್ಲಿ ನನ್ನೊಳಗೆ ಎದ್ದದ್ದನ್ನು ಬೇರೆ ಹೆಸರಿಟ್ಟು ಕರೆದರೆ ಸುಳ್ಳಾಗುತ್ತದೆ. ಅದು ಸಂತೋಷ. ಕಾರ್ಕಳದವರ ಮುಖ ಕಣ್ಣ ಮುಂದೆ ಬಂತು. ಹುಡುಗನ ಎದೆಯಲ್ಲಿ ಕಲೆ ಉಂಟು ಎನ್ನುವುದು ಆಮೇಲೆ ಬಂತು.

ನನ್ನ ಮುಖದಲ್ಲಿ ಅದು ಕಂಡಿರಬೇಕು. ಕ್ಯಾಪ್ಟನ್ ತಮಾಷೆಗೆ, "ನೋಡು ನೋಡು, ಮಾಮನ ಮುಖ ನೋಡು. ಮಾಮಾ, ನೀವು ಎಲ್ಲಿಯಾದರೂ ಹರಕೆ ಹೊತ್ತದ್ದಾ ಎಂತದು?" ಎಂದ. ಎಲ್ಲರೂ ನಕ್ಕರು. ಕೀಪರ್ ಕೂಡ ನಕ್ಕು, "ಇವರು ಹೊತ್ತಿದ್ದರೆ ಕಪ್‌ಗೇ ಹೊರುತ್ತಿದ್ದರು ಮಾರಾಯ, ನನಗೆ ಯಾಕೆ?" ಎಂದು ಗೋಲಿನ ಕಡೆ ನಡೆದ.

ನಾನೂ ನಕ್ಕೆ.

ಆ ದಿನ ಅವನು ಗೋಲಿನ ಮುಂದೆ ಬರಿದೇ ನಿಂತಿದ್ದ. ಚೆಂಡು ಅವನ ಬದಿಯಿಂದ ಹೋಗುತ್ತಿತ್ತು, ಅವನು ತಿರುಗಿ ನೋಡುತ್ತಿದ್ದ, ಹೋಗಿ ಹೆಕ್ಕಿ ತರುತ್ತಿದ್ದ. ಒಂದು ಸಲ ಕೆಮ್ಮಿದ. ಅಷ್ಟು ದಿನ ದಿನವೂ ನೋಡುತ್ತಿದ್ದ ನನಗೆ ಅವನು ಕೆಮ್ಮುತ್ತಿದ್ದದ್ದು ಅಂದು ಮೊದಲ ಸಲ ಕೇಳಿಸಿತು. ಅವನ ಕೈ ನೋಡಿದ್ದೆ, ಕಾಲು ನೋಡಿದ್ದೆ. ಎದೆ ನೋಡುವ ಕೆಲಸ ನನಗೆ ಬಿದ್ದಿರಲಿಲ್ಲ.

ಇನ್ನು ಹರಕೆಯ ಮಾತು. ಕೇಳಿದ್ದು ಸಿಕ್ಕಿತಲ್ಲ, ಒಪ್ಪಿಸಬೇಕು. ಒಪ್ಪಿಸದಿದ್ದರೆ ದೇವಿಗೆ ಕೊಟ್ಟ ಮಾತು ತಪ್ಪಿದಂತೆ. ಒಪ್ಪಿಸಿದರೆ, ಆ ಹುಡುಗನ ಎದೆಯ ಕಲೆಗೆ ನಾನು ಹೂವು ಏರಿಸಿ ಕೃತಜ್ಞತೆ ಹೇಳಿದಂತೆ. ಯಾರ ಹತ್ತಿರ ಕೇಳುವುದು? ಹೆಂಡತಿಯ ಹತ್ತಿರ ಹೇಳಲು ಬಾಯಿ ತೆರೆದೆ, ಅವಳು ಮೀನು ಕೊಯ್ಯುತ್ತಿದ್ದವಳು ಕತ್ತಿ ಹಿಡಿದೇ ನನ್ನ ಕಡೆ ನೋಡಿದಳು, ಬಾಯಿ ಮುಚ್ಚಿಕೊಂಡೆ. ಕೊನೆಗೆ ಹೆದರಿಕೆಯೇ ಗೆದ್ದಿತು. ಒಂದು ಶುಕ್ರವಾರ ಸಗಟು ಅಂಗಡಿಗೆ ಎಂದು ಹೇಳಿ ಕಡಿಯಾಳಿಗೆ ಹೋಗಿ ಹೂವಿನ ಪೂಜೆಗೆ ಹೇಳಿದೆ.

ಮಂಗಳಾರತಿ ಆಗಿ ಕಣ್ಣು ಬಿಟ್ಟರೆ ಬದಿಯಲ್ಲಿ ಅಕ್ಕ.

ಸೊಂಟಕ್ಕೆ ಒಂದು ಕೈ ಕೊಟ್ಟು, ಇನ್ನೊಂದರಲ್ಲಿ ದಾಸವಾಳದ ಕಟ್ಟು ಹಿಡಿದು ನಿಂತಿದ್ದರು. ಬಸ್ಸಿನಲ್ಲಿ ಬರಲಾಗದವರು ಬಂದಿದ್ದರು. ನನ್ನನ್ನು ನೋಡಿದರು, ಅರ್ಚಕರು ನನ್ನ ಕೈಗೆ ಕೊಡುತ್ತಿದ್ದ ಹೂವಿನ ರಾಶಿಯನ್ನು ನೋಡಿದರು.

"ಅಣ್ಣ! ನೀವು ನನ್ನ ಮಗನಿಗಾಗಿ ಪೂಜೆ ಕೊಟ್ಟಿರಾ?"

ಅವನಿಗಾಗಿ ಎನ್ನುವುದು ನಿಜವೇ.

"ಒಡಹುಟ್ಟಿದವರು ಮಾಡುವುದಿಲ್ಲ ಇಷ್ಟು" ಎಂದು ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅರ್ಚಕರೂ ನನ್ನನ್ನು ಮೆಚ್ಚಿಗೆಯಿಂದ ನೋಡಿದರು. ನೆಲ ಬಾಯಿ ಬಿಡಬಾರದೇ ಎಂದು ಹೇಳುತ್ತಾರಲ್ಲ, ಅದು ಬರಿಯ ಮಾತಿಗೆ ಹೇಳುವುದಲ್ಲ ಎಂದು ನನಗೆ ಅಂದು ಗೊತ್ತಾಯಿತು.

ಒಟ್ಟಿಗೆ ಬಸ್ಸು ಹತ್ತಿದೆವು. ಅಕ್ಕ ಕಿಟಕಿಯ ಹತ್ತಿರ ಕೂತು ನನ್ನ ಒಳ್ಳೆಯತನವನ್ನು ಹೊಗಳುತ್ತಲೇ ಇದ್ದರು. ನನ್ನ ತಾಯಿಯನ್ನು ನೆನಪು ಮಾಡಿದರು, ಅಂಥವರ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ಈ ಬುದ್ಧಿ ಎಂದರು. ತಾಯಿಯ ಹೆಸರು ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. ಕಟಪಾಡಿ ದಾಟುವಾಗ ಹೇಳಿಬಿಟ್ಟೆ. "ಅಕ್ಕ, ನಾನು ಕೇಳಿಕೊಂಡದ್ದು ಬೇರೆ. ಅವನು ಪಂದ್ಯಾಟ ಮುಗಿಯುವವರೆಗೆ ಹೋಗಬಾರದು ಅಂತ ಹರಕೆ ಹೊತ್ತಿದ್ದೆ. ನೀವು ಹೂವು ಕೊಟ್ಟು ಕಳಿಸಿದ ದಿನವೇ. ಇವತ್ತು ಅದನ್ನು ಒಪ್ಪಿಸಲಿಕ್ಕೆ ಬಂದದ್ದು."

ಅವರಿಗೆ ಕೂಡಲೇ ಅರ್ಥವಾಗಲಿಲ್ಲ. ಅರ್ಥವಾದದ್ದು ಕಂಡಿತು. ಮಡಿಲಿನ ಪ್ರಸಾದದ ಕಟ್ಟನ್ನು ನನ್ನ ಕಡೆಯಿಂದ ಸ್ವಲ್ಪ ಆಚೆಗೆ ಸರಿಸಿಕೊಂಡರು.

"ಯಾಕೆ?" ಎಂದರು.

"ಅವನು ಇದ್ದರೆ ಗೋಲು ಬೀಳುವುದಿಲ್ಲ."

"ಒಂದು ಚೆಂಡಿಗೆ?"

ನಾನು ಬಸ್ಸಿನ ಟಿಕೇಟನ್ನು ಮಡಿಸುತ್ತಾ ಕೂತೆ.

"ಟರ್ಪಾಲು ಹರಿದು ಮೊನ್ನೆ ಅವನ ಹಾಸಿಗೆಯೆಲ್ಲ ನೆನೆದು ಚಂಡಿ ಆಗಿತ್ತು" ಎಂದರು ಅಕ್ಕ, ಕಿಟಕಿಯ ಹೊರಗೆ ನೋಡುತ್ತಾ. ಕಾಪು ಬಂತು. ಇಳಿಯುವಾಗ ನಾನು ಕೈ ಕೊಡಲು ಹೋದೆ. ಅವರು ಕಂಡಕ್ಟರನ ಕೈ ಹಿಡಿದು ಇಳಿದರು.

ಮುಂದಿನದ್ದು ನಾನು ಅಂಗಡಿಯಲ್ಲಿ ಕೂತು ಬೇರೆಯವರ ಬಾಯಿಂದ ಕೇಳಿದ್ದು. ಅಕ್ಕ ಸಾಮಾನಿಗೆ ಬರುತ್ತಿರಲಿಲ್ಲ. ಹುಡುಗನನ್ನು ಮಣಿಪಾಲದಲ್ಲಿ ಡಾಕ್ಟರಿಗೆ ತೋರಿಸಿದರಂತೆ. ಎದೆಯಲ್ಲಿ ಕಫ ಕಟ್ಟಿ ಇನ್‌ಫೆಕ್ಷನ್ ಆಗಿದೆ, ಹೆದರುವಂಥದ್ದಲ್ಲ ಎಂದರಂತೆ. ಮಾತ್ರೆ ಕೊಟ್ಟು, ಹಗಲು ಐಸಿನ ನಡುವೆ, ಸಂಜೆ ಮಳೆಯಲ್ಲಿ ಆಟ, ಮತ್ತೆ ಎಂತ ಆಗಬೇಕು ಎಂದು ಬೈದರಂತೆ. ಆ ಮಳೆಯಲ್ಲಿ ಕೊಡೆಯ ಅಡಿ ನಿಂತು "ಇನ್ನೊಂದು ಹತ್ತು ಹೊಡೆತ ಹಿಡಿ, ಆಮೇಲೆ ಮನೆಗೆ ಹೋಗು" ಎನ್ನುತ್ತಿದ್ದವನು ಯಾರೆಂದು ಡಾಕ್ಟರಿಗೆ ಗೊತ್ತಿರಲಿಲ್ಲ. ನಾನೂ ಯಾರಿಗೂ ಹೇಳಲಿಲ್ಲ.

ಮಾತ್ರೆ ಮುಗಿದ ಮೇಲೆ ಎಕ್ಸ್‌ರೇ ಸ್ವಚ್ಛ ಬಂತು. ಎರಡನೆಯ ಮೆಡಿಕಲಿನಲ್ಲಿ ಫಿಟ್. ಸೋದರಮಾವ ಹೇಗೋ ಜಾಗ ಕಾಯ್ದಿಟ್ಟಿದ್ದ. ಪಂದ್ಯಾಟಕ್ಕೆ ಇನ್ನೇನು ಹತ್ತಿರ ಬಂತು ಎನ್ನುವಾಗ ಹುಡುಗ ಹೊರಟ. ಅವನು ಗಾಡಿ ಹತ್ತುವ ದಿನ ನಾನು ಜನರ ಹಿಂದೆ ನಿಂತಿದ್ದೆ. ಅವನೇ ಬಂದು ಕಾಲಿಗೆ ಕೈ ಹಾಕಿ, "ಮಾಮಾ, ಹೊಸ ಕೀಪರನಿಗೆ ತುಂಬ ಬೈಯಬೇಡಿ, ಆಯ್ತಾ?" ಎಂದ. ತಾಯಿ ಅವನಿಗೆ ಏನೂ ಹೇಳಿರಲಿಲ್ಲ. ಅದು ನನಗೆ ಬೈಗುಳಕ್ಕಿಂತ ಹೆಚ್ಚು ತಾಗಿತು.

ಗಾಡಿ ಹೋದ ಮೇಲೆ ಅಕ್ಕ ನನ್ನ ಹತ್ತಿರ ಬಂದರು. "ನನ್ನದೂ ಒಂದು ಹೂವಿನ ಪೂಜೆಯ ಹರಕೆ ಉಂಟು. ಶುಕ್ರವಾರ ಕೊಡುವುದು. ನೀವು ಬರಬೇಡಿ. ಪ್ರಸಾದ ತಂದು ಕೊಡುತ್ತೇನೆ" ಎಂದರು.

ಶನಿವಾರ ಬೆಳಿಗ್ಗೆ ಬಾಳೆಲೆಯ ಕಟ್ಟನ್ನು ತಕ್ಕಡಿಯ ಬದಿಯಲ್ಲಿ ಇಟ್ಟರು. ತುಂಬ ದಿನದ ನಂತರ ಅಂಗಡಿಯ ಮೆಟ್ಟಿಲು ಹತ್ತಿದ್ದರು. ಅರ್ಧ ಕಿಲೋ ಬೆಲ್ಲ ಕೇಳಿದರು. ಕಟ್ಟಿ ಕೊಡುವಾಗ, "ಮ್ಯಾಚ್ ನಾಳೆ ಅಲ್ವಾ?" ಎಂದರು.

"ಹೌದು. ಕಾರ್ಕಳದವರ ಎದುರು."

"ಗೋಲಿನಲ್ಲಿ ಯಾರು ಈಗ?"

"ಹೊಸಬ. ಪರವಾಗಿಲ್ಲ, ಕಲಿಯುತ್ತಾನೆ."

"ಅವನಿಗೂ ಪಾಸ್‌ಪೋರ್ಟ್ ಉಂಟಾ?"

"ಮಾಡಿಸುತ್ತಿದ್ದಾನೆ ಅಕ್ಕ. ಮೊನ್ನೆ ವೆರಿಫಿಕೇಶನ್‌ಗೆ ಪೊಲೀಸ್ ಬಂದಿದ್ದರು. ಮನೆ ಎಲ್ಲಿ ಅಂತ ನನ್ನ ಹತ್ತಿರವೇ ಕೇಳಿದ್ದು. ನಾನೇ ಹೋಗಿ ತೋರಿಸಿದೆ."

"ಒಳ್ಳೆಯದು ಮಾಡಿದಿರಿ ಅಣ್ಣ" ಎಂದು ಬೆಲ್ಲ ತೆಗೆದುಕೊಂಡು ಮೆಟ್ಟಿಲು ಇಳಿದರು.

ಅಣ್ಣ ಎಂದರಲ್ಲ ಎಂದು ಮನಸ್ಸು ಹಗುರವಾಗಬೇಕಿತ್ತು. ಆಗಲಿಲ್ಲ. ಹೇಳದೆ ಉಳಿಸಿಕೊಂಡದ್ದೊಂದು ಇತ್ತು. ಆ ಪೊಲೀಸ್ ಬಂದು ಹೊಸ ಕೀಪರನ ಹೆಸರು ಹೇಳಿ ಮನೆ ಕೇಳಿದಾಗ ನಾನು ಎದ್ದು ತೋರಿಸಿದ್ದು ಆಮೇಲೆ. ಮೊದಲು, ಏನೂ ಗೊತ್ತಿಲ್ಲದವನ ಹಾಗೆ ಅಕ್ಕಿಯ ಗೋಣಿಯ ಬಾಯಿ ಕಟ್ಟುತ್ತಾ, "ಯಾವ ಹುಡುಗ?" ಎಂದು ಕೇಳಿದ್ದೆ.