ಹಿರಿಯೂರಿನ ಜಪಾನ್ ಮೇಪಲ್

ಹಿರಿಯೂರಿನ ಹೆದ್ದಾರಿ ಬದಿಯ ನರ್ಸರಿಯಲ್ಲಿ ಕಡುಗೆಂಪು ಎಲೆಯ ಗಿಡವೊಂದನ್ನು ನನ್ನ ಹೆಂಡತಿ ಆಗಲೇ ತಬ್ಬಿಕೊಂಡು ನಿಂತಿದ್ದಳು. ಕುಂಡದ ಮೇಲೆ ‘ಜಪಾನ್ ಮೇಪಲ್’ ಎಂದು ಚೀಟಿ ಅಂಟಿಸಿತ್ತು.

“ಇದು ಮೇಪಲ್ ಅಲ್ಲ,” ಅಂದೆ.

“ಎಲೆಗೆ ಐದು ಬೆರಳು ಅವೆ, ಎಣಿಸ್ಕಳ್ರಿ ಸಾರ್,” ಅಂದ ನರ್ಸರಿಯವನು.

ಬೆರಳು ಹರಳು ಗಿಡದ ಎಲೆಗೂ ಇರುತ್ತವೆ! ಮೇಪಲ್ಲಿನ ಎಲೆಗಳು ಕಡ್ಡಿಯ ಮೇಲೆ ಜೋಡಿಜೋಡಿಯಾಗಿ ಎದುರುಬದುರು ಕೂರುತ್ತವೆ. ಇಲ್ಲಿ ಒಂದು ಆ ಕಡೆ, ಅದರ ಮೇಲಿನದು ಈ ಕಡೆ. ಮೂವತ್ತು ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿದವನು ನಾನು, ಗಂಟಲು ಹರಿದುಕೊಂಡು ಹೇಳಿದೆ. ಹೆಂಡತಿ ಕುಂಡ ಬಿಡಲಿಲ್ಲ.

ಕಳೆ ಕೀಳುತ್ತಿದ್ದ ನರ್ಸರಿಯವನ ತಾಯಿ ಎದ್ದು ಬಂದು, ಒಂದೆಲೆ ಕಿತ್ತು ಬಾಯಿಗೆ ಹಾಕಿಕೊಂಡರು. “ಹುಳಿ ಐತೆ. ಪುಂಡಿ ಸೊಪ್ಪಿನ ಜಾತಿದು ಕಣವ್ವ.”

ಹೆಂಡತಿಯೂ ಒಂದೆಲೆ ಅಗಿದಳು. “ಹೌದಲ್ರಿ, ಪುಂಡಿನೇ! ನೀವು ಮೊದಲೇ ತಿಂದು ನೋಡಬಾರದಿತ್ತಾ?” ಎಂದು ನನ್ನನ್ನೇ ಗದರಿ, ಚಟ್ನಿಗಾಗುತ್ತದೆಂದು ಎರಡು ಕುಂಡ ಕೊಂಡಳು.

ಈಗ ಹೊಸದುರ್ಗದ ಬಸ್ಸಿನಲ್ಲಿ ಒಂದು ಕುಂಡ ನನ್ನ ತೊಡೆಯ ಮೇಲಿದೆ, ಇನ್ನೊಂದು ಕಾಲ ಬಳಿ. “ಯಾವ ಗಿಡ ಸಾರ್ ಇದು?” ಅಂತ ಹಿಂದಿನ ಸೀಟಿನವರು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಹೇಳಿಯಾಗಿತ್ತು: “ಜಪಾನ್ ಮೇಪಲ್.”