ನಿನ್ನ ಬಾಯಿಂದ ಬರಬೇಕಾದ ಮಾತು

ಸಿಸ್ಟರ್ ಅವರ ಪಾದಗಳು ಹೊಲದಲ್ಲಿ ದುಡಿದವರ ಪಾದಗಳಂತೆ ಅಗಲವಾಗಿದ್ದವು. ಹಿಮ್ಮಡಿ ತುಂಬ ಬಿರುಕು, ಆ ಬಿರುಕುಗಳಲ್ಲಿ ಎಷ್ಟು ತೊಳೆದರೂ ಹೋಗದ ಕೆಮ್ಮಣ್ಣು. ಗೌನಿಪಲ್ಲಿ ಕಡೆಯ ರಾಗಿ ಬೆಳೆಯುವ ಮನೆಯಲ್ಲಿ ಹುಟ್ಟಿದವರು, ಮಾಲೂರಿನ ಕಾನ್ವೆಂಟಿನಲ್ಲಿ ಮುದುಕಿಯಾದರೂ ಹಿತ್ತಲಲ್ಲಿ ಬರಿಗಾಲಲ್ಲೇ ಓಡಾಡುತ್ತಿದ್ದರು. ಸನ್ಯಾಸಿನಿಯರಾಗಲು ಹೊಸದಾಗಿ ಬಂದ ಹುಡುಗಿಯರನ್ನು ನೋಡಿಕೊಳ್ಳುವ ಹೊಣೆ ಅವರದು. ಪ್ರಾರ್ಥನೆಗೆ ತಡವಾದರೆ ಬೈಯುತ್ತಿರಲಿಲ್ಲ. ಸರಿಯಾಗಿ ಉಣ್ಣದೆ ಎದ್ದರೆ ಬೈಯುತ್ತಿದ್ದರು.

ನಾನು ಅಲ್ಲಿಗೆ ಹೋದದ್ದು ಅಮ್ಮನ ಹರಕೆಯಿಂದ. ಕೂಸಾಗಿದ್ದಾಗ ನನಗೆ ವಿಪರೀತ ಜ್ವರ ಬಂದು ಡಾಕ್ಟರು ಕೈಚೆಲ್ಲಿದ್ದರಂತೆ. ಅಮ್ಮ ಮುಳಬಾಗಿಲಿನ ಚರ್ಚಿನಲ್ಲಿ ಮೊಣಕಾಲೂರಿ, "ಇವಳನ್ನ ಉಳಿಸು ಸ್ವಾಮಿ, ನಿನ್ನ ಸೇವೆಗೇ ಬಿಡ್ತೀನಿ" ಎಂದಿದ್ದಳು. ನಾನು ಉಳಿದೆ. ಪಿಯುಸಿ ಮುಗಿದ ಮೇಲೆ ಕರೆತಂದು ಬಿಟ್ಟಳು.

ಅವರೆಕಾಯಿ ಕಾಲ. ಒಂದು ಮಧ್ಯಾಹ್ನ ಹಿತ್ತಲಲ್ಲಿ ಸಿಸ್ಟರ್ ಮತ್ತು ನಾನು ಕಾಯಿ ಸುಲಿಯುತ್ತಿದ್ದೆವು.

"ಏಮ್ಮಾ, ಇಲ್ಲಿರೋಕೆ ನಿಂಗೆ ಇಷ್ಟಾನಾ?"

"ಅಮ್ಮ ಹರಕೆ ಮಾಡ್ಕೊಂಡಿದ್ದಾರೆ ಸಿಸ್ಟರ್."

"ಅಮ್ಮನ ವಿಷಯ ಕೇಳಲಿಲ್ಲ ನಾನು."

ನನಗೆ ಅಳು ಬಂತು. ವಾಪಸು ಹೋದರೆ ದೇವರು ಆವತ್ತು ಉಳಿಸಿದ ಜೀವವನ್ನು ತೆಗೆದುಕೊಂಡುಬಿಡುತ್ತಾನೆ ಎಂಬ ಹೆದರಿಕೆಯನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದೆ.

ಸಿಸ್ಟರ್ ಕೈಯಲ್ಲಿದ್ದ ಕಾಯಿ ಮೊರಕ್ಕೆ ಹಾಕಿದರು. "ಕೊಟ್ಟಿದ್ದನ್ನ ಕಿತ್ತುಕೊಳ್ಳೋಕೆ ದೇವರೇನು ಆಟ ಆಡೋ ಹುಡುಗನೇನಮ್ಮಾ?"

ಆ ವಾರವೇ ಅಮ್ಮನನ್ನು ಕರೆಸಿದರು. ಅಮ್ಮ ಬಂದವಳೇ ಸಿಟ್ಟಾದಳು. "ದೇವರಿಗೆ ಕೊಟ್ಟ ಮಾತು ತಪ್ಪಿಸ್ತೀರಾ ಸಿಸ್ಟರ್?"

"ತಪ್ಪಿಸಲ್ಲಮ್ಮ. ಮಾತು ಕೊಟ್ಟೋಳು ನೀನು, ನೀನೇ ನಡೆಸು. ಆದ್ರೆ ಇವಳ ಬಾಯಿಂದ ಬರಬೇಕಾದ ಮಾತನ್ನ ನೀನು ಆಡೋಕಾಗಲ್ಲ. ನಿಂದು ಅಂತ ಏನಿದೆಯೋ ಅದನ್ನ ಕೊಡು."

ಅಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು: "ಹಂಗಾದ್ರೆ ಇವಳಿಗೆ ಏನೂ ಆಗಲ್ವಾ?"

ಅಷ್ಟು ವರ್ಷ ಅವಳನ್ನು ಕಾಡಿದ್ದೂ ಅದೇ ಹೆದರಿಕೆ ಎಂದು ನನಗೆ ಗೊತ್ತಾದದ್ದು ಆಗ.

ಸಿಸ್ಟರ್ ನಮ್ಮಿಬ್ಬರನ್ನೂ ಫಾದರ್ ಬಳಿಗೆ ಕರೆದೊಯ್ದರು. ಅವರು ಎಲ್ಲ ಕೇಳಿ, ಅಮ್ಮನ ತಲೆಯ ಮೇಲೆ ಕೈಯಿಟ್ಟು, ಮಗಳ ಬದಲು ಅಮ್ಮನೇ ಸೇವೆ ಮಾಡುವಂತೆ ಹರಕೆಯನ್ನು ಬದಲಾಯಿಸಿಕೊಟ್ಟರು. ಕಾನ್ವೆಂಟಿನಲ್ಲಿ ಹಾಸಿಗೆ ಹಿಡಿದಿದ್ದ ಅಜ್ಜಿಯರಿಗೆ ಪ್ರತಿ ಶನಿವಾರ ಬಂದು ಸ್ನಾನ ಮಾಡಿಸುತ್ತೇನೆ, ಉಣಿಸುತ್ತೇನೆ ಎಂದು ಅಮ್ಮ ತಾನಾಗಿಯೇ ಹೇಳಿದಳು. ವಾಪಸು ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಕನಕಾಂಬರ ಕೊಂಡು ನನಗೆ ಮುಡಿಸಿದಳು. ಕೋಲಾರ ಬರುವಷ್ಟರಲ್ಲಿ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಅವಳು ಹಾಗೆ ಮೈಮರೆತು ಮಲಗಿದ್ದನ್ನು ನಾನು ಕಂಡೇ ಇರಲಿಲ್ಲ.

ಮುಂದೆ ಸಿಸ್ಟರ್ ನನ್ನ ಮದುವೆಗೂ ಬಂದರು. ಸ್ವಂತ ಇಷ್ಟದಿಂದ ಬಂದಿದ್ದೀಯಾ ಎಂದು ಫಾದರ್ ಕೇಳಿದಾಗ ನಾನು ಚರ್ಚಿಗೆಲ್ಲ ಕೇಳುವಂತೆ "ಹೌದು" ಎಂದೆ. ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ.

ಕೊನೆಗೆ ಅವರೂ ಹಾಸಿಗೆ ಹಿಡಿದರು. ಅಮ್ಮ ಗಂಜಿ ಕುಡಿಸುತ್ತಿದ್ದಾಗ ನಾನು ಕೇಳಿದೆ: "ನಿಮಗೆ ಯಾವತ್ತೂ ಬೇಜಾರಾಗಲಿಲ್ವಾ ಸಿಸ್ಟರ್?"

"ಯಾಕಾಗಲ್ಲ? ಎಷ್ಟೋ ಬೆಳಿಗ್ಗೆ ಆಗಿದೆ. ಆಗೆಲ್ಲ ಇನ್ನೊಂದ್ಸಲ 'ಹೂಂ' ಅಂದಿದ್ದೀನಿ. ಅಷ್ಟೇ."

ಹೋದ ಸಲ ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ತೀರಿಕೊಂಡರು. ಮಣ್ಣು ಮಾಡಿದ ನಂತರದ ಶನಿವಾರ ಅಮ್ಮನಿಗೆ ಫೋನು ಮಾಡಿದೆ. ಆಗಲೇ ಬಸ್ಸಿನಲ್ಲಿದ್ದಳು, ಕಂಡಕ್ಟರನ ಸೀಟಿ ಕೇಳಿಸುತ್ತಿತ್ತು.

"ಸಿಸ್ಟರೇ ಇಲ್ಲವಲ್ಲಮ್ಮ, ಇವತ್ತೊಂದಿನ ಮನೇಲಿರಬಾರದಿತ್ತಾ?"

"ಮಾತು ಕೊಟ್ಟಿದ್ದು ಸಿಸ್ಟರ್‌ಗಲ್ಲ ಕಣೇ" ಎಂದಳು.