ಬ್ಯಾಡರಹಳ್ಳಿಗೆ ಒಯ್ದ ಸಂಪಿನ ಜಾಲರಿ

ಮಗಳು ಸವಿತಾ ಸುಂಕದಕಟ್ಟೆಯ ಬಾಡಿಗೆ ಮನೆಯಲ್ಲಿದ್ದಾಗ ನಾನು ಪ್ರತಿ ಭಾನುವಾರ ಅಲ್ಲಿಗೆ ಹೋಗುತ್ತಿದ್ದೆ. ಕೊನೆಯ ಭಾನುವಾರವೂ ಉಳಿದವುಗಳ ಹಾಗೆಯೇ ಇತ್ತು. ಮೊಮ್ಮಗ ಚಿನ್ಮಯ ಆಗಷ್ಟೇ ನಡೆಯಲು ಕಲಿತಿದ್ದ. ಉಪ್ಪಿಟ್ಟಿನಿಂದ ಒಂದೊಂದೇ ಅವರೆಕಾಳು ಆರಿಸಿ ನನ್ನ ಬಾಯಿಗಿಟ್ಟ.

ಮರುದಿನ ಬೆಳಿಗ್ಗೆ ನೀರಿನ ಟ್ಯಾಂಕರ್ ಬಂತು. ಪೈಪು ಇಳಿಬಿಡಲು ಮನೆ ಮುಂದೆ ನೆಲದಡಿಯ ನೀರಿನ ತೊಟ್ಟಿಯ, ಆ ಸಂಪಿನ, ಮುಚ್ಚಳ ತೆಗೆದರು. ಮಗು ಬಗ್ಗಿ ನೋಡಿರಬೇಕು, ಒಳಗೆ ಬಿತ್ತು. ಯಾರಿಗೂ ಕೂಗು ಕೇಳಿಸಲಿಲ್ಲ. ಕೆರೆ, ಕಲ್ಲುಕ್ವಾರಿ ಎಂದರೆ ನಮಗೆಲ್ಲ ಭಯವಿತ್ತು. ಅಷ್ಟು ಚಿಕ್ಕ ಮಗುವಿಗೆ ಬಾಗಿಲ ಮುಂದಿನ ನೀರೇ ಹೆಚ್ಚು ಅಪಾಯ ಎಂದು ನಾವು ಯೋಚಿಸಿರಲೇ ಇಲ್ಲ.

ಸವಿತಾ ಈಗ ಬ್ಯಾಡರಹಳ್ಳಿಯಲ್ಲಿದ್ದಾಳೆ. ಆಮೇಲೆ ಹುಟ್ಟಿದ ಪುಟ್ಟಿಯೂ ಓಡಾಡತೊಡಗಿದ್ದಾಳೆ. ಅಲ್ಲೂ ಟ್ಯಾಂಕರ್ ನೀರೇ. ಅದಕ್ಕಾಗಿ ಕಾಮಾಕ್ಷಿಪಾಳ್ಯದ ನಮ್ಮ ಬೀದಿಯ ವೆಲ್ಡಿಂಗ್ ಅಂಗಡಿಯಲ್ಲಿ, ಮುಚ್ಚಳದ ಕೆಳಗೆ ಕೂರುವಂಥ ಕಬ್ಬಿಣದ ಜಾಲರಿ ಮಾಡಿಸಿದೆ. ನಡುವೆ ಪೈಪು ತೂರುವಷ್ಟು ಜಾಗ, ಪಕ್ಕದಲ್ಲಿ ಬೀಗ. ಶನಿವಾರ ಬೆಳಿಗ್ಗೆ ಅದನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಮಾಗಡಿ ರೋಡಿನ ಬಸ್ ಹತ್ತಿದೆ.

“ಆಂಟಿ, ನಿಮಗೆ ಫ್ರೀ. ಇದಕ್ಕೆ ಲಗೇಜ್ ಆಗತ್ತೆ,” ಎಂದರು ಕಂಡಕ್ಟರ್.

ಪಕ್ಕದ ಸೀಟಿನ ಹುಡುಗಿ, “ಅದೂ ಲೇಡೀಸೇ ಸಾರ್, ನೋಡಿ ಹೆಂಗೆ ಹೊದ್ಕೊಂಡು ಕೂತಿದೆ,” ಎಂದಳು.

“ಹಂಗಾದ್ರೆ ಆಧಾರ್ ತೋರ್ಸಕ್ಕೆ ಹೇಳಮ್ಮ,” ಎಂದು ಅವರು ಟಿಕೆಟ್ ಕೊಟ್ಟೇ ಮುಂದೆ ಹೋದರು. ನಾನೂ ನಕ್ಕೆ. ಸುಂಕದಕಟ್ಟೆ ಸ್ಟಾಪ್ ಬಂದಾಗ ಕಿಟಕಿಯಾಚೆ ನೋಡಲಿಲ್ಲ.

ಬ್ಯಾಡರಹಳ್ಳಿಯಲ್ಲಿ ಬಿಸಿಲು ಏರಿತ್ತು. ಪುಟ್ಟಿಗೆಂದು ಏಲಕ್ಕಿ ಬಾಳೆಹಣ್ಣು ಕೊಂಡು ಆಟೋ ಹಿಡಿದೆ. ಮನೆ ಮುಂದೆ ಟ್ಯಾಂಕರ್ ಆಗಲೇ ಬಂದು ನಿಂತಿತ್ತು. ಸವಿತಾ ಮಗುವಿನ ಸೊಂಟಕ್ಕೆ ದುಪಟ್ಟಾ ಕಟ್ಟಿ, ಅದರ ತುದಿಯನ್ನು ತನ್ನ ಮುಂಗೈಗೆ ಸುತ್ತಿಕೊಂಡಿದ್ದಳು. ಟ್ಯಾಂಕರ್ ಬಂದಾಗಲೆಲ್ಲ ಹೀಗೇ ಮಾಡುತ್ತಾಳೆ.

“ಸರಿಯಾಗಿ ಕೂರತ್ತೇನಮ್ಮಾ ಇದು?” ಎಂದಳು.

ಮನೆ ಓನರ್ ಮಹಡಿಯಿಂದ ಇಳಿದು ಬಂದರು. ನನ್ನ ವಯಸ್ಸಿನ ಹೆಂಗಸು. “ಇದೆಲ್ಲ ಯಾಕ್ರೀ? ಸಂಪ್ ತೊಳೆಯೋರಿಗೆ ಅಡ್ಡ ಆಗತ್ತೆ. ಮುಚ್ಚಳ ತೆಗ್ಯೋದು ಸ್ವಲ್ಪ ಹೊತ್ತು ತಾನೇ?”

“ಅವತ್ತೂ ಅಷ್ಟೇ ಹೊತ್ತು ತೆಗೆದಿದ್ರು,” ಎಂದೆ.

ಆ ಬೀದಿಯಲ್ಲಿ ಸವಿತಾ ಯಾರಿಗೂ ಏನೂ ಹೇಳಿರಲಿಲ್ಲ. ಓನರ್ ಪುಟ್ಟಿಯನ್ನು ನೋಡಿದರು, ದುಪಟ್ಟಾ ನೋಡಿದರು.

“ಇದು ಎರಡನೇ ಮಗುನಾ?”

ಸವಿತಾ ಹೌದೆಂದು ತಲೆಯಾಡಿಸಿದಳು.

“ಡ್ರಿಲ್ಲು ನಮ್ಮನೇಲೇ ಇದೆ. ಬೀಗದ ಕೀ ನೀನೇ ಇಟ್ಕೊಳಮ್ಮ,” ಎಂದು ಆಕೆ ಗಂಡನನ್ನು ಕೂಗಿದರು.

ಗಂಡ ಬಂದು ತೂತು ಕೊರೆದರು. ಜಾಲರಿಯ ಒಂದು ಮೂಲೆ ಕೂರಲಿಲ್ಲ. “ಇನ್ನೂ ಲೋಡ್ ಇದೆ ಅಕ್ಕ, ಲೇಟಾದ್ರೆ ಬೈತಾರೆ,” ಎನ್ನುತ್ತಲೇ ಟ್ಯಾಂಕರ್ ಡ್ರೈವರ್ ಸುತ್ತಿಗೆ ತಂದು ಅಂಚಿನ ಸಿಮೆಂಟ್ ಒಡೆದ. ಕೂತಿತು. ಸವಿತಾ ಮೊದಲು ತಾನೇ ಅದರ ಮೇಲೆ ನಿಂತು ನೋಡಿದಳು. ಆಮೇಲೆ ಕೈಗೆ ಸುತ್ತಿದ್ದ ದುಪಟ್ಟಾ ಬಿಚ್ಚಿದಳು. ಪುಟ್ಟಿ ನೇರವಾಗಿ ಟ್ಯಾಂಕರ್ ಚಕ್ರದ ಕಡೆ ಹೊರಟಳು, ಡ್ರೈವರ್ ಎತ್ತಿಕೊಂಡು, “ನೀನೇ ಓಡಿಸ್ತೀಯಾ ಮೇಡಂ?” ಎಂದ.

ಸಂಜೆ ಹೊರಟೆ. ತಿರುವಿನಲ್ಲಿ ನಿಂತು ಹಿಂದಿರುಗಿ ನೋಡಿದೆ. ಪುಟ್ಟಿ ಬಾಗಿಲಲ್ಲಿ ಕೈ ಬೀಸುತ್ತಿದ್ದಳು. ಅಲ್ಲಿ ಇಬ್ಬರು ಮಕ್ಕಳಿರಬೇಕಿತ್ತು. ಒಬ್ಬಳೇ ಇದ್ದಳು.